ವಿಪ್‌ಲ್ಯಾಶ್ ಕೊನೆಯಲ್ಲಿ ಗೆದ್ದದ್ದು ಯಾರು?

ರಾತ್ರಿಗೂಬೆ
2014ರ ಸಿನಿಮಾ, ನಾನು ನೋಡಿದ್ದು ನಿನ್ನೆ ರಾತ್ರಿ. ಬೈಯಬೇಡಿ. ಕೊನೆಯ ಡ್ರಮ್ ಸೋಲೋ ಬಂದಾಗ ಉಸಿರು ಬಿಗಿ ಹಿಡಿದು ಕೂತಿದ್ದೆ, ಮುಗಿದ ಮೇಲೆ ಒಬ್ಬನೇ ಚಪ್ಪಾಳೆ ತಟ್ಟಿಬಿಟ್ಟೆ. ಆಮೇಲೆ ಮಲಗಿ ಯೋಚಿಸಿದರೆ ನನ್ನ ಮೇಲೇ ಸಿಟ್ಟು. ಡ್ರಮ್ಸ್ ಕಲಿಯುವ ಹುಡುಗ ಆಂಡ್ರೂ ಮೇಲೆ ಕುರ್ಚಿ ಎಸೆದು, ಎಣಿಕೆ ಹೇಳಿಸಿ ತಾಳಕ್ಕೆ ಸರಿಯಾಗಿ ಕೆನ್ನೆಗೆ ಬಾರಿಸಿ, ಅಮ್ಮ ಬಿಟ್ಟು ಹೋದದ್ದನ್ನು ಎಲ್ಲರ ಮುಂದೆ ಎತ್ತಿ ಆಡಿದ ಮೇಷ್ಟ್ರು ಆ ಫ್ಲೆಚರ್. ಅವನು ಕೊನೆಗೆ ನಕ್ಕಾಗ ನನಗೂ ಖುಷಿ ಆಯ್ತಲ್ಲ! ಹಾಗಾದರೆ ಇಂಥ ಮೇಷ್ಟ್ರು ಬೇಕು ಅಂತ ಹೇಳುತ್ತಿದೆಯಾ ಈ ಸಿನಿಮಾ?

ತಾಳತಪ್ಪಿದವ
ಬೇಕು ಅಂತಲೇ ನನಗೆ ಅನ್ನಿಸಿದ್ದು. ಬೈದುಕೊಳ್ಳಿ ಪರವಾಗಿಲ್ಲ. ‘ಚೆನ್ನಾಗಿ ಮಾಡಿದೆ’ ಅನ್ನೋ ಮಾತಿನಷ್ಟು ಹಾನಿ ಮಾಡುವುದು ಇನ್ನೊಂದಿಲ್ಲ ಅಂತ ಅವನು ಹೇಳುವುದರಲ್ಲಿ ಸ್ವಲ್ಪ ನಿಜ ಇದೆ ಅಲ್ವಾ? ಬೆನ್ನು ತಟ್ಟಿ ಕಳಿಸಿದ್ದರೆ ಆಂಡ್ರೂ ಆ ಸೋಲೋ ನುಡಿಸುತ್ತಿದ್ದನಾ?

ಹಳೇ ಕೋಲು
ಕೆಲವು ವರ್ಷ ಡ್ರಮ್ಸ್ ಕಲಿತವನು ನಾನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಫ್ಲೆಚರ್ ಪದೇ ಪದೇ ಹೇಳುವ ಕಥೆ ನೆನಪಿದೆಯಾ? ಡ್ರಮ್ಮರ್ ಜೋ ಜೋನ್ಸ್ ಸಿಂಬಲ್ (ಡ್ರಮ್ ಸೆಟ್ಟಿನ ಲೋಹದ ತಟ್ಟೆ) ಎಸೆದ, ಮುಂದೆ ಜಾಝ್ ದಿಗ್ಗಜನಾದ ಚಾರ್ಲಿ ಪಾರ್ಕರ್ ತಲೆ ಹಾರಿ ಹೋಗಬೇಕಿತ್ತು, ಆ ಅವಮಾನದಿಂದಲೇ ಅವನು ದೊಡ್ಡವನಾದ ಅಂತ. ಆ ಕಥೆಯೇ ತಿರುಚಿದ್ದು. ಕಾನ್ಸಾಸ್ ಸಿಟಿಯ ರೀನೋ ಕ್ಲಬ್ಬಿನಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಾ ಎಡವಿದ ಹದಿಹರೆಯದ ಪಾರ್ಕರನ ಕಾಲ ಬಳಿ ಜೋನ್ಸ್ ಸಿಂಬಲ್ ಬೀಳಿಸಿದ್ದು ಅಷ್ಟೇ, ‘ಸಾಕು, ಇಳಿ’ ಅಂತ. ಜನ ನಕ್ಕರು. ಆಮೇಲೆ 1937ರ ಬೇಸಿಗೆಯಲ್ಲಿ ಪಾರ್ಕರ್ ಒಂದು ಬ್ಯಾಂಡಿನ ಜೊತೆ ಓಝಾರ್ಕ್ ಬೆಟ್ಟಗಳ ಕಡೆ ಹೋಗಿ, ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗ್ ರೆಕಾರ್ಡುಗಳನ್ನು ಕೇಳಿ ಕೇಳಿ ಕಲಿತ. ಅವಮಾನ ಒಂದು ರಾತ್ರಿಯದು, ಕಲಿಕೆ ಇಡೀ ಬೇಸಿಗೆಯದು. ಫ್ಲೆಚರ್ ಬೇಸಿಗೆಯ ಭಾಗವನ್ನೇ ಬಿಟ್ಟುಬಿಡುತ್ತಾನೆ.

ಇನ್ನೊಂದು. ಅವನು ಏನನ್ನಾದರೂ ಕಲಿಸುವುದನ್ನು ನೋಡಿದಿರಾ? ‘ಲಯ ಓಡುತ್ತಿದೆಯಾ, ಎಳೆಯುತ್ತಿದೆಯಾ’ ಅಂತ ಕೇಳುತ್ತಾನೆ, ಸರಿ ಮಾಡಿಕೊಳ್ಳುವುದು ಹೇಗೆ ಅಂತ ಹೇಳುವುದೇ ಇಲ್ಲ. ಕೈಯಲ್ಲಿ ರಕ್ತ ಬರುವುದನ್ನು ಸಾಧನೆ ಅಂತ ತೋರಿಸಿದ್ದಾರೆ. ನಿಜವಾಗಿ ಕೋಲು ಸಡಿಲವಾಗಿ ಹಿಡಿ ಅಂತ ಮೊದಲ ದಿನವೇ ಹೇಳುತ್ತಾರೆ, ಬಿಗಿ ಹಿಡಿದವನಿಗೇ ಗುಳ್ಳೆ ಜಾಸ್ತಿ. ನನ್ನ ಮೇಷ್ಟ್ರೂ ಕಿರುಚುತ್ತಿದ್ದರು, ನನಗೆ ಬಂದದ್ದು ಮಾತ್ರ ಹೆದರಿಕೆ. ಅವರ ಹೆಜ್ಜೆ ಸದ್ದು ಕೇಳಿದರೆ ಲಯ ಓಡುತ್ತಿತ್ತು.

ಮೂರನೇ ಸಾಲು
ಕಾರಿಡಾರಿನ ದೃಶ್ಯ ಯಾರೂ ಹೇಳಲಿಲ್ಲ! ಆರಾಮಾಗಿರು ಅಂತ ನಗುತ್ತಾ ಫ್ಲೆಚರ್ ಆಂಡ್ರೂನ ಅಪ್ಪ ಅಮ್ಮನ ಬಗ್ಗೆ ವಿಚಾರಿಸುತ್ತಾನಲ್ಲ, ಒಳಗೆ ಹೋದ ಮೇಲೆ ಅದನ್ನೇ ಚುಚ್ಚುವುದಕ್ಕೆ ಬಳಸುತ್ತಾನೆ. ಇದು ಸಿಟ್ಟಲ್ಲ, ಲೆಕ್ಕಾಚಾರ. ಫ್ಲೆಚರ್ ಪಾತ್ರ ಮಾಡಿದ ಜೆ.ಕೆ. ಸಿಮನ್ಸ್‌ಗೆ ಆಸ್ಕರ್ ಸುಮ್ನೆ ಬರಲಿಲ್ಲ.

ಶಾನ್ ಕೇಸಿ ವಿಷಯಾನೂ ನೋಡಿ. ಹಳೇ ವಿದ್ಯಾರ್ಥಿ ಕಾರು ಅಪಘಾತದಲ್ಲಿ ಹೋದ ಅಂತ ಫ್ಲೆಚರ್ ತರಗತಿಯಲ್ಲಿ ಕಣ್ಣೀರು ಹಾಕುತ್ತಾನೆ. ಆ ಹುಡುಗ ನೇಣು ಹಾಕಿಕೊಂಡಿದ್ದ ಅಂತ ನಮಗೆ ಆಮೇಲೆ ಗೊತ್ತಾಗುತ್ತದೆ. @ತಾಳತಪ್ಪಿದವ, ಆ ಸೋಲೋ ಲೆಕ್ಕಕ್ಕೆ ಹಿಡಿಯುವುದಾದರೆ ಇದನ್ನೂ ಹಿಡಿಯಬೇಕು.

ತಾಳತಪ್ಪಿದವ
ಕೇಸಿ ವಿಷಯ ಮರೆತೇ ಹೋಗಿತ್ತು, ಒಪ್ಪಿದೆ. ಆದರೂ ಕೊನೆಯಲ್ಲಿ ‘ಕ್ಯಾರವಾನ್’ ಅನ್ನೋ ಹಾಡು ಶುರು ಮಾಡಿದ್ದು ಆಂಡ್ರೂನೇ, ಮೇಷ್ಟ್ರ ಅಪ್ಪಣೆ ಕೇಳದೆ. ಗೆದ್ದದ್ದು ಅವನು ಅಂತ ಯಾಕೆ ಹೇಳಬಾರದು?

ಹಳೇ ಕೋಲು
ಬಾಗಿಲ ಸಂದಿಯಿಂದ ನೋಡುವ ಅಪ್ಪನ ಮುಖ ಇನ್ನೊಂದು ಸಲ ನೋಡಿ. ಮಗ ಗೆದ್ದ ಅನ್ನೋ ಮುಖ ಅಲ್ಲ ಅದು. ಪಾರ್ಕರ್ ಸತ್ತಾಗ ವಯಸ್ಸು 34. ಊಟದ ಮೇಜಿನಲ್ಲಿ ಆಂಡ್ರೂ ಅದನ್ನೇ ಬೇಕು ಅನ್ನುವಂತೆ ಮಾತಾಡಿದ್ದ.

ರಾತ್ರಿಗೂಬೆ
ಎಲ್ಲರಿಗೂ ಥ್ಯಾಂಕ್ಸ್. ಈಗ ನೆನಪಾಯಿತು, ಕೊನೆಯ ಏಟಿಗೇ ತೆರೆ ಕಪ್ಪಾಗುತ್ತದೆ, ಸಭಿಕರ ಚಪ್ಪಾಳೆ ಕೇಳಿಸುವುದೇ ಇಲ್ಲ. ತಟ್ಟಿದವನು ನಾನೊಬ್ಬನೇ!

ಅಂದಹಾಗೆ, ಬ್ಯಾಂಡಿನ ಇನ್ನೊಬ್ಬ ಡ್ರಮ್ಮರ್ ಟ್ಯಾನರ್‌ನ ಸ್ವರಹಾಳೆಗಳ ಫೋಲ್ಡರ್ ಕಾಣೆಯಾಯ್ತಲ್ಲ, ಅದನ್ನು ಎತ್ತಿಕೊಂಡು ಹೋದದ್ದು ಯಾರು? ನನಗೆ ಫ್ಲೆಚರ್ ಮೇಲೇ ಅನುಮಾನ.