ಪದ ಬೇಕಾಗಿದೆ: ‘ಸ್ಪ್ರಿಂಗ್’ ಸೆಲೆಯೋ, ಒರತೆಯೋ? ನೀರು ಇಂಗುವ ನೆಲಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಪುಣೆಯಿಂದ ಬರೆಯುತ್ತಿದ್ದೇನೆ. ನಮ್ಮ ಬಡಾವಣೆಯ ಕನ್ನಡ ಬಳಗ ತಿಂಗಳಿಗೊಮ್ಮೆ ನಾಲ್ಕು ಪುಟದ ಓಲೆ ತರುತ್ತದೆ. ಈ ಸಲ ನೀರಿನ ಕಾನೂನಿನ ಬಗ್ಗೆ ಬರೆಯುವುದು ನನ್ನ ಪಾಲಿಗೆ ಬಂತು. ಅಮೆರಿಕದ ಫ್ಲಾರಿಡಾದ ವೆಕೈವಾ ನದಿಯ ಕಾಯಿದೆಯನ್ನು ಆರಿಸಿಕೊಂಡೆ. ಮೊದಲ ಸಾಲಿಗೇ ಸಿಕ್ಕಿಬಿದ್ದೆ. ಅದು ‘ಸ್ಪ್ರಿಂಗ್ ಫೆಡ್’ ನದಿ. ನೆಲದೊಳಗಿಂದ ಉಕ್ಕುವ ನೀರೇ ಅದಕ್ಕೆ ಮುಖ್ಯ ಆಸರೆ.

‘ಝರಿಯ ನದಿ’ ಅಂತ ಬರೆದೆ, ಹೊಡೆದು ಹಾಕಿದೆ. ಇಲ್ಲಿ ಮರಾಠಿಯ ನಡುವೆ ಇದ್ದೂ ಇದ್ದೂ ಬಂದ ತಪ್ಪು ಅದು. ಮರಾಠಿಯ ‘ಝರಾ’ ನೆಲದಿಂದ ಒಸರುವ ನೀರು. ಗೋವಾದ ಕೊಂಕಣಿಯ ‘ಝರ್’ ಕೂಡ ಅದೇ. ನಮ್ಮ ಝರಿಯೋ ಬೆಟ್ಟದಿಂದ ಇಳಿದು ಬರುವ ನೀರು.

‘ಬುಗ್ಗೆ’ ಅಂದ ಕೂಡಲೇ ನನ್ನ ಕಿವಿಗೆ ‘ಬಿಸಿನೀರಿನ’ ಅನ್ನುವುದೂ ಕೇಳಿಸುತ್ತದೆ. ಆದರೆ ವೆಕೈವಾದಲ್ಲಿ ಉಕ್ಕುವ ನೀರು ವರ್ಷವಿಡೀ ಸುಮಾರು 22 ಡಿಗ್ರಿ, ಬಿಸಿಯೇ ಅಲ್ಲ. ‘ಚಿಲುಮೆ’ ಚೆಂದದ ಪದ, ತುಮಕೂರಿನವರಿಗೆ ನಾಮದ ಚಿಲುಮೆ ಇದೆ. ಆದರೆ ನಮ್ಮ ಓಲೆ ಓದುವವರು ಜಾಸ್ತಿ ವಿಜಯಪುರ, ಬಾಗಲಕೋಟೆ ಕಡೆಯವರು. ಚಿಲುಮೆಯಿಂದ ಹುಟ್ಟಿದ ನದಿ ಅಂದರೆ ಅವರಿಗೆ ಹೊಗೆ ಕಾಣಿಸೀತು!

‘ಒರತೆ’ಯ ಬಗ್ಗೆ ನಮ್ಮ ಅತ್ತೆಯವರನ್ನು ಕೇಳಿದೆ. “ಬ್ಯಾಸಗ್ಯಾಗ ಹಳ್ಳದ ಉಸುಕು ತೋಡಿ ವರ್ತಿ ತಗೀತಿದ್ವಿ, ವಾಟಗದಾಗ ಮೊಗದು ಕೊಡಾ ತುಂಬಸ್ತಿದ್ವಿ” ಅಂದರು. ಅಂದರೆ ಅವರಿಗೆ ಒರತೆ ಅನ್ನುವುದು ಕೈಯಾರೆ ತೋಡಿದ್ದು, ಸಣ್ಣಗೆ ಜಿನುಗುವಂಥದ್ದು. ಒಂದು ನದಿಯ ಭಾರ ಅದರ ಮೇಲೆ ಹೇರಲು ನನಗೆ ಮನಸ್ಸಾಗಲಿಲ್ಲ. ಪಾವಗಡ, ಮಧುಗಿರಿ ಕಡೆಯ ‘ತಲಪರಿಗೆ’ ಹತ್ತಿರ ಬರುತ್ತದೆ. ಆದರೆ ಅದು ನೀರಿನ ಜೊತೆಗೆ ಆ ಗುಂಡಿ, ಕಾಲುವೆ, ಊರಿನ ಕಟ್ಟುಪಾಡು ಎಲ್ಲವನ್ನೂ ಸೇರಿಸಿ ಹೇಳುವ ಪದ. ಸದ್ಯಕ್ಕೆ ‘ಸೆಲೆ’ಗೆ ಬಂದು ನಿಂತಿದ್ದೇನೆ. ‘ಸೆಲೆನೀರಿನ ನದಿ’ ಹೇಗಿದೆ?

ಇನ್ನೊಂದು ತಮಾಷೆ. ಆ ನದಿಯ ಹೆಸರಿನ ಕೊನೆಯ ‘ವಾ’ವನ್ನು ಇಂಗ್ಲಿಷಿನಲ್ಲಿ ‘ವಿ’ ಹಾಕಿ ಬರೆಯುತ್ತಾರೆ, ಸೆಲೆಯ ಹೆಸರಿನದನ್ನು ‘ಡಬ್ಲ್ಯು’ ಹಾಕಿ. ಎರಡೂ ಅಲ್ಲಿನ ಮೂಲನಿವಾಸಿ ಕ್ರೀಕ್ ಜನರ ನುಡಿಯಿಂದ ಬಂದವು. ಒಂದಕ್ಕೆ ಹರಿಯುವ ನೀರು, ಇನ್ನೊಂದಕ್ಕೆ ನೀರಿನ ಸೆಲೆ ಎಂದು ಅರ್ಥ ಹೇಳುತ್ತಾರೆ. ಕನ್ನಡದಲ್ಲಿ ಬರೆದರೆ ಎರಡೂ ‘ವೆಕೈವಾ’. ನಮ್ಮ ‘ವ’ ನದಿಯನ್ನೂ ಸೆಲೆಯನ್ನೂ ಒಂದೇ ಮಾಡಿಬಿಟ್ಟಿತು, ಅಲ್ವಾ?

ನಿಜವಾದ ತೊಡಕು ಮುಂದಿದೆ. ಆ ನದಿಗೆ 1988ರಲ್ಲೇ ಒಂದು ರಕ್ಷಣಾ ಕಾಯಿದೆ ಬಂದಿತ್ತು. 2004ರಲ್ಲಿ ಇನ್ನೊಂದು ಬಂತು. ಒರ್ಲಾಂಡೊ ನಗರದ ರಿಂಗ್ ರೋಡಿನ ಉಳಿದ ತುಂಡು ಈ ನದಿಯನ್ನು ದಾಟಬೇಕಿತ್ತು. (ರಿಂಗ್ ರೋಡಿನ ಕಥೆ ಪುಣೆಯವರಿಗೆ ಹೊಸದಾಗಿ ಹೇಳಬೇಕಿಲ್ಲ.) ರಸ್ತೆಯನ್ನೂ ನೀರಿನ ಕಾವಲನ್ನೂ ಒಂದೇ ಕಾಯಿದೆಯಲ್ಲಿ ಕಟ್ಟಿದರು. ಅದು ಸೆಲೆಯ ಬಾಯಿಯನ್ನಷ್ಟೇ ಕಾಯುವುದಿಲ್ಲ. ದೂರದಲ್ಲಿ ಮಳೆ ಬಿದ್ದು ನೀರು ಕೆಳಗಿಳಿಯುವ ನೆಲವನ್ನೂ ಕಾಯಬೇಕು ಅನ್ನುತ್ತದೆ. ಕೆಳಗಿರುವುದು ತೂತು ತೂತಾದ ಸುಣ್ಣಕಲ್ಲು. ಮನೆಯಂಗಳದ ಹುಲ್ಲಿಗೆ ಹಾಕಿದ ಗೊಬ್ಬರ, ಶೌಚದ ಗುಂಡಿಯ ನೀರು ಇಂಗಿದರೆ ನೈಟ್ರೇಟ್ ಎಂಬ ಮಾಲಿನ್ಯ ಸೆಲೆಯ ನೀರಿನ ಜೊತೆ ಮೇಲೆ ಬರುತ್ತದೆ. ಹಾಗಾಗಿ ನೀರು ಚೆನ್ನಾಗಿ ಇಂಗುವ ನೆಲವನ್ನು ‘ಮೋಸ್ಟ್ ಎಫೆಕ್ಟಿವ್ ರೀಚಾರ್ಜ್ ಏರಿಯಾ’ ಅಂತ ಗುರುತಿಸಿ, ಅಲ್ಲಿ ಏನು ಕಟ್ಟಬಹುದು, ಎಷ್ಟು ಬಯಲು ಬಿಡಬೇಕು ಎಂದು ಸ್ಥಳೀಯ ಆಡಳಿತಗಳು ತಮ್ಮ ಯೋಜನೆಯಲ್ಲಿ ಬರೆಯಬೇಕು.

ಇದನ್ನು ಕನ್ನಡಕ್ಕೆ ತರುವುದು ಹೇಗೆ? ‘ಗರಿಷ್ಠ ಪರಿಣಾಮಕಾರಿ ಮರುಪೂರಣ ಪ್ರದೇಶ’ ಅಂದರೆ ವ್ಯಾಕರಣ ತಪ್ಪಿಲ್ಲ. ಆದರೆ ಓದುವಾಗ ಯಾವ ನೆಲವೂ ಕಣ್ಣಿಗೆ ಕಟ್ಟುವುದಿಲ್ಲ. ನಮ್ಮಲ್ಲಿ ‘ಇಂಗು’ ಅನ್ನುವ ಕ್ರಿಯಾಪದ ಇದೆ, ಇಂಗುಗುಂಡಿ ಎಲ್ಲರಿಗೂ ಗೊತ್ತು. ‘ಇಂಗುನೆಲ’ ಅನ್ನಬಹುದೇ? ‘ಚೆನ್ನಾಗಿ ನೀರು ಹಿಡಿಯುವ ಇಂಗುನೆಲ’? ಅಡುಗೆಮನೆಯ ಇಂಗು ಯಾರಿಗಾದರೂ ನೆನಪಾದರೆ ಆಗಲಿ ಬಿಡಿ.

ಕಾನೂನಿನಲ್ಲಿ ಈ ಪದಕ್ಕೆ ಬೆಲೆ ಇದೆ ಅಂತ ನನಗನ್ನಿಸುತ್ತದೆ. ನಮ್ಮ 1882ರ ಈಸ್‌ಮೆಂಟ್ ಕಾಯಿದೆಯ (ಇನ್ನೊಬ್ಬರ ಜಮೀನಿನ ಮೇಲಿರುವ ಬಳಕೆಯ ಹಕ್ಕುಗಳ ಕಾಯಿದೆ) ಪ್ರಕಾರ, ಗೊತ್ತಾದ ಹಾದಿಯಲ್ಲಿ ಹರಿಯದ ನೆಲದಡಿಯ ನೀರನ್ನು ನೆಲದ ಒಡೆಯ ತನ್ನ ಗಡಿಯೊಳಗೆ ತೆಗೆದುಕೊಳ್ಳಬಹುದು. ಕಾಣದ ನೀರಿಗೆ ಹೆಸರೂ ಇರಲಿಲ್ಲ, ಕಾವಲೂ ಇರಲಿಲ್ಲ. ಆಮೇಲೆ ಗೋವಾದಲ್ಲಿ 2002ರದು, ಮಹಾರಾಷ್ಟ್ರದಲ್ಲಿ 2009ರದು, ಕರ್ನಾಟಕದಲ್ಲಿ 2011ರದು ಅಂತ ನೆಲದಡಿಯ ನೀರಿಗೇ ಕಾಯಿದೆಗಳು ಬಂದವು. ಆ ನೀರಿಗೆ ಮಹಾರಾಷ್ಟ್ರದ ಕಾಯಿದೆಯಲ್ಲಿ ‘ಭೂಜಲ’ ಅಂತ ಹೆಸರು, ಕರ್ನಾಟಕದ್ದರಲ್ಲಿ ‘ಅಂತರ್ಜಲ’.

‘ಅಕ್ವಿಫರ್’, ಅಂದರೆ ನೆಲದಡಿ ನೀರು ಹಿಡಿದಿಟ್ಟುಕೊಳ್ಳುವ ಕಲ್ಲು-ಮಣ್ಣು, ಅದೂ ಕಾಡಿಸಿತು. ಮರಾಠಿಯವರು ‘ಜಲಧರ’ ಅನ್ನುತ್ತಾರೆ. ಹಳಗನ್ನಡ ಕಾವ್ಯ ಓದಿದವರಿಗೆ ಜಲಧರ ಎಂದರೆ ಮೋಡ! ನೀರು ಹೊತ್ತದ್ದು ಅನ್ನುವ ಅರ್ಥ ಎರಡಕ್ಕೂ ಸರಿಯೇ. ಆದರೂ ಮೋಡವನ್ನು ಕಲ್ಲಿನಡಿ ಹೂಳಲು ಕೈ ಬರಲಿಲ್ಲ. ‘ನೀರುಪದರ’ ಅಂತ ಬರೆದಿದ್ದೇನೆ. ಅದೂ ಪೂರ್ತಿ ಸರಿಯಲ್ಲ. ಪುಣೆಯ ಕೆಳಗಿನ ಕಪ್ಪುಕಲ್ಲಿನಲ್ಲಿ ನೀರು ಬಿರುಕುಗಳಲ್ಲೂ ಇರುತ್ತದೆ, ಬರೀ ಪದರವಾಗಿ ಅಲ್ಲ.

ಮಲೆನಾಡು, ಕರಾವಳಿಯವರು ಯಾರಾದರೂ ಇದ್ದರೆ ಒಂದು ಮಾತು ಹೇಳಿ. ನೀರು ಮೇಲೆ ಬರುವ ಜಾಗಕ್ಕೆ ನಮ್ಮಲ್ಲಿ ಇಷ್ಟೊಂದು ಪದ ಇವೆ. ಅದು ಒಳಗಿಳಿಯುವ ಜಾಗಕ್ಕೆ ನಿಮ್ಮೂರಲ್ಲಿ ಏನಾದರೂ ಹೆಸರಿದೆಯೇ? ಓಲೆ ಶುಕ್ರವಾರ ಅಚ್ಚಿಗೆ ಹೋಗುತ್ತದೆ. ಅಲ್ಲಿಯವರೆಗೆ ‘ಇಂಗುನೆಲ’ವನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿರುತ್ತೇನೆ.