ಪ್ರಸಂಗಿ 12: ಬಾದಾಮಿ ಮರ ಸರಿ, ‘ಬೀಸುವವರು’ ಸರಿಯಾ?

ಎಲ್ಲರಿಗೂ ನಮಸ್ಕಾರ. ಮೊನ್ನೆ ಪಕ್ಕದ ಮನೆಯ ಹುಡುಗಿ ಬೈಬಲ್ ಹಿಡಿದುಕೊಂಡು ಬಂದಳು. ಅಜ್ಜಿಯ ನೆನಪಿನ ಪ್ರಾರ್ಥನೆಗೆ ‘ಪ್ರಸಂಗಿ’ ಪುಸ್ತಕದ 12ನೇ ಅಧ್ಯಾಯ ಓದಬೇಕಂತೆ. (ಅಧಿಕಪ್ರಸಂಗಿ ನೆನಪಾದರೆ ತಪ್ಪು ನಿಮ್ಮದಲ್ಲ. ಇಲ್ಲಿ ಪ್ರಸಂಗಿ ಅಂದರೆ ಉಪದೇಶ ಹೇಳುವವನು.) “ಅಂಕಲ್, ಮುಪ್ಪಿನ ಮಾತಲ್ಲಿ ಬಾದಾಮಿ ಮರ ಹೂ ಬಿಡೋದು ಯಾಕೆ?” ಅಂದಳು.

ತಲೆಕೂದಲು ಬೆಳ್ಳಗಾಗುವುದು, ಅಂದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ. ಕಿಟಕಿಯಾಚೆ ಕೈ ತೋರಿಸಿದಳು. ನಮ್ಮ ಬೀದಿಯಲ್ಲೂ ‘ಬಾದಾಮಿ ಮರ’ ಇದೆ. ಅಗಲ ಎಲೆ, ಉದುರುವ ಮುಂಚೆ ಕೆಂಪಾಗುತ್ತದೆ. ಹೂ ಎಷ್ಟು ಚಿಕ್ಕದೆಂದರೆ ಹುಡುಕಿ ನೋಡಬೇಕು. ಅದು ಕಾಡು ಬಾದಾಮಿ, ಬೇರೆ ಜಾತಿ. ಫೋನಿನಲ್ಲಿ ಶ್ರೀನಗರದ ಬಾದಾಮ್‌ವಾರಿ ತೋಟ ತೋರಿಸಿದೆ. ಎಲೆಯೇ ಇಲ್ಲದ ಕೊಂಬೆಯ ತುಂಬಾ ಬಿಳಿ ಹೂ. “ಓ, ಅಜ್ಜಿ ತಲೆ!” ಅಂದಳು.

ಮೂಲದ ಹೀಬ್ರೂ ಭಾಷೆಯಲ್ಲಿ ಈ ಮರ ‘ಶಾಕೇದ್’. ಎಚ್ಚರವಾಗಿರು, ಕಾದು ನೋಡು ಎನ್ನುವ ಧಾತುವಿನ ಜೊತೆ ಅದರ ನಂಟು. ಚಳಿಗಾಲ ಮುಗಿಯುವ ಮುಂಚೆಯೇ ಎದ್ದು ಹೂ ಬಿಡುವ ಮರ ಅಲ್ವಾ! ಬೈಬಲ್ಲಿನದೇ ಇನ್ನೊಂದು ಪುಸ್ತಕ ಯೆರೆಮೀಯ 1:11-12ರಲ್ಲಿ ಈ ಎರಡು ಪದಗಳನ್ನೇ ಇಟ್ಟುಕೊಂಡು ಶ್ಲೇಷೆ ಮಾಡಿದ್ದಾರೆ. ಪ್ರಸಂಗಿಯಲ್ಲೂ, ಒಂದು ಸಾಲು ಹಿಂದೆ, ಮುದುಕರು ಹಕ್ಕಿಯ ಸದ್ದಿಗೇ ಎದ್ದು ಕೂರುತ್ತಾರೆ. ನಿದ್ದೆ ಬಾರದ ಮುಪ್ಪಿಗೆ ಎಚ್ಚರದ ಮರ! ಇದು ನನ್ನ ಊಹೆ, ಒಪ್ಪಲೇಬೇಕು ಅಂತಿಲ್ಲ.

ಈಗ ನನ್ನ ತೊಡಕು: ಧಾನ್ಯ ಪುಡಿ ಮಾಡುವವರನ್ನು ಕನ್ನಡದಲ್ಲಿ ಏನೆನ್ನಬೇಕು? ಅದೇ ಭಾಗದಲ್ಲಿ ಮುದಿ ದೇಹವೇ ಒಂದು ಮನೆ. ಕಿಟಕಿಯಿಂದ ನೋಡುವವರಿಗೆ ಮಬ್ಬು, ಅಂದರೆ ಕಣ್ಣು. ಧಾನ್ಯ ಪುಡಿ ಮಾಡುವವರು ‘ಕಡಿಮೆಯಾದ್ದರಿಂದ’ ಕೆಲಸ ನಿಲ್ಲಿಸುತ್ತಾರೆ, ಅಂದರೆ ಹಲ್ಲು. ಈ ಎರಡೂ ಅರ್ಥ ಯೆಹೂದ್ಯರ ಹಳೆಯ ಧರ್ಮಗ್ರಂಥ ತಾಲ್ಮುಡ್‌ನಲ್ಲೇ ಇವೆ. ಇದು ದೇಹದ ಒಗಟಲ್ಲ, ಸಾವಾದ ದಿನ ಊರು ಸ್ತಬ್ಧವಾದ ಚಿತ್ರ ಎನ್ನುವವರೂ ಇದ್ದಾರೆ. ಇದು ಹಲ್ಲೇ ಎನ್ನಲು ನನಗೆ ಆ ‘ಕಡಿಮೆಯಾದ್ದರಿಂದ’ ಸಾಕು. ಬೀಸಲು ಜನ ಕಡಿಮೆಯಾದರೆ ಉಳಿದವರು ಜಾಸ್ತಿ ಬೀಸಬೇಕು, ನಿಲ್ಲಿಸುವುದಲ್ಲ. ಉದುರಿ ನಾಲ್ಕೇ ಉಳಿದ ಹಲ್ಲು ಮಾತ್ರ ಸುಮ್ಮನಾಗುತ್ತದೆ.

ಪುಡಿ ಮಾಡುವವರು ಎನ್ನಲು ಬಳಸಿದ ಹೀಬ್ರೂ ಪದ ಸ್ತ್ರೀಲಿಂಗ ಬಹುವಚನ. ಬೀಸುವುದು ಹೆಂಗಸರ ಕೆಲಸವಾಗಿತ್ತು. ಮತ್ತಾಯ 24:41ರಲ್ಲೂ ಬೀಸುವ ಕಲ್ಲಿನ ಮುಂದೆ ಇಬ್ಬರು ಹೆಂಗಸರೇ. ನಮಗೆ ಇದು ಹೊಸದಲ್ಲ: ಎದುರುಬದುರು ಕೂತು, ಗೂಟ ಹಿಡಿದು, ಹಿಡಿ ಹಿಡಿ ರಾಗಿ ಹಾಕುತ್ತಾ, ನಸುಕಿನಲ್ಲೇ ಹಾಡು. ಪ್ರಸಂಗಿಯಲ್ಲಿ ಬೀಸುವ ಸದ್ದು ತಗ್ಗಿದ ಮೇಲೆ ‘ಹಾಡಿನ ಹೆಣ್ಣುಮಕ್ಕಳು’ ಕುಗ್ಗುತ್ತಾರೆ. ಬೀಸುವಾಗಿನ ಹಾಡು ಕೇಳಿದ ಕಿವಿಗೆ ಬೀಸುವವರೂ ಹಾಡುವವರೂ ಒಂದೇ ಅನ್ನಿಸುತ್ತದೆ.

ಹಾಗಾಗಿ ‘ಬೀಸುವವರು’ ಎಂದೇ ಹೇಳಿಕೊಟ್ಟೆ. ಆದರೆ ಬೀಸುವುದು ಒಣ ಕಾಳನ್ನು. ಚಟ್ನಿ ಅರೆಯುತ್ತೇವೆ, ದೋಸೆ ಹಿಟ್ಟು ರುಬ್ಬುತ್ತೇವೆ. ಬಾಯೊಳಗಿನದು ಒದ್ದೆ ಕೆಲಸ, ಅಲ್ಲಿಗೆ ಅರೆಯುವುದೇ ಹತ್ತಿರ. ಕಲ್ಲಿಗೂ ಹಲ್ಲಿಗೂ ಒಪ್ಪುವ ಒಂದೇ ಕ್ರಿಯಾಪದ ನಿಮ್ಮ ಕಡೆ ಇದೆಯಾ? ದವಡೆ ಹಲ್ಲಿಗೆ ಕಲ್ಲಿನ ನಂಟಿರುವ ಬೇರೆ ಹೆಸರು ಯಾರಾದರೂ ಕೇಳಿದ್ದರೆ ಅದನ್ನೂ ತಿಳಿಸಿ. ಭಾನುವಾರ ಅವಳು ಓದಬೇಕು.