ಪದ ಬೇಕು: ಡಿಸ್ಪ್ಲೇ ಮ್ಯಾನೇಜರ್‌ಗೆ ಕನ್ನಡದಲ್ಲಿ ಏನೆನ್ನೋಣ?

ಬದಿಯಡ್ಕದಿಂದ:

ಎಲ್ಲರಿಗೂ ನಮಸ್ಕಾರ. ಸೋಮವಾರದೊಳಗೆ ಒಂದು ಪದ ಬೇಕು. ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಕನ್ನಡ ಮಾಧ್ಯಮ ಶಾಲೆ. ಲ್ಯಾಬಿನ ಎಂಟು ಕಂಪ್ಯೂಟರಿಗೆ ಡೆಬಿಯನ್ ಅನ್ನುವ ಲಿನಕ್ಸ್ ಹಾಕಿದ್ದೇನೆ. ಇಷ್ಟು ದಿನ ಆನ್ ಮಾಡಿದ ಕೂಡಲೇ ಸೀದಾ ಒಳಗೆ ಹೋಗುವ ಹಾಗೆ ಇತ್ತು, ಎಲ್ಲ ಮಕ್ಕಳಿಗೂ ಒಂದೇ ಹೆಸರು, ಹಾಗಾಗಿ ಆರನೇ ಕ್ಲಾಸಿನವರು ಬಿಡಿಸಿದ ಚಿತ್ರವನ್ನು ಏಳನೆಯವರು ಅಳಿಸಿಬಿಡುತ್ತಿದ್ದರು. ಈಗ ಲೈಟ್‌ಡಿಎಂ ಅನ್ನುವ ಡಿಸ್ಪ್ಲೇ ಮ್ಯಾನೇಜರ್ (ಹೆಸರು, ಗುಪ್ತಪದ ಕೇಳಿ ಒಳಗೆ ಬಿಡುವ ಪ್ರೋಗ್ರಾಂ) ಹಾಕಿ ಒಬ್ಬೊಬ್ಬರಿಗೂ ಬೇರೆ ಬೇರೆ ಹೆಸರು ಕೊಟ್ಟಿದ್ದೇನೆ. ಅದೇ ಕೆಲಸದ ಜಿಡಿಎಂ ಮೊದಲೇ ಇತ್ತಲ್ಲ, ಇನ್‌ಸ್ಟಾಲ್ ಆಗುವಾಗ "ಡೀಫಾಲ್ಟ್ ಡಿಸ್ಪ್ಲೇ ಮ್ಯಾನೇಜರ್ ಯಾವುದು" ಅಂತ ಕೇಳಿತು. ಲೈಟ್‌ಡಿಎಂ ಆರಿಸಿದೆ, ಕೆಲಸ ಆಯಿತು. ಆದರೆ ಗೋಡೆಗೆ ಅಂಟಿಸುವ ಚಾರ್ಟಿನಲ್ಲಿ ಇದಕ್ಕೆ ಏನು ಬರೆಯಲಿ? "ಪ್ರದರ್ಶನ ವ್ಯವಸ್ಥಾಪಕ" ಅಂದರೆ ಮಕ್ಕಳಿಗೆ ವಿಜ್ಞಾನ ಮೇಳ ನೆನಪಾಗುತ್ತದೆ. "ಪ್ರವೇಶ" ಅಂದರೆ ಜೂನ್ ತಿಂಗಳ ಪ್ರವೇಶೋತ್ಸವ. ನಮ್ಮ ಕಡೆ ಹಳೇ ಮನೆಗಳ ಮುಂದೆ ಇರುವ ಪಡಿಪ್ಪುರೆ (ಮಾಡು ಹೊದಿಸಿದ ಹೆಬ್ಬಾಗಿಲು) ಈ ಕೆಲಸಕ್ಕೆ ಸರಿಹೋಗುತ್ತದಾ ಅಂತ ಒಂದು ಯೋಚನೆ.

ಮೈಸೂರಿನಿಂದ:

ಲಾಗಿನ್ ಅಂತ ಬರೆಯಿರಿ, ಮುಗೀತು. ಬ್ಯಾಂಕಿನಲ್ಲೂ ಅದೇ, ಮೊಬೈಲಿನಲ್ಲೂ ಅದೇ. ಪಡಿಪ್ಪುರೆ ಅಂದರೆ ಇಲ್ಲಿ ಯಾರಿಗೂ ಅರ್ಥ ಆಗುವುದಿಲ್ಲ.

ಕುಂಬಳೆಯಿಂದ:

ಪಡಿಪ್ಪುರೆ ಬೇಡವೇ ಬೇಡ. ಅದು ಮಲಯಾಳದ ಮಾತು. ಪುರ ಅಂದರೆ ಅವರಲ್ಲಿ ಮನೆ, ಕಟ್ಟಡ. ಪಡಿ ಮಾತ್ರ ನಮ್ಮದೇ, ಹಳಗನ್ನಡದಲ್ಲಿ ಪಡಿ ಅಂದರೆ ಬಾಗಿಲಿನ ಕದ. ಅಷ್ಟನ್ನು ಇಟ್ಟುಕೊಂಡು "ಪಡಿಕಾವ" ಅನ್ನಿ, ಕದ ಕಾಯುವವ. ಪಡಿಹಾರಿ ಅಂತ ಯಾರಾದರೂ ಹೇಳಿಯಾರು, ಅದು ಸಂಸ್ಕೃತದ ಪ್ರತಿಹಾರಿ ಸವೆದು ಬಂದದ್ದು, ಅದೂ ಬೇಡ. 1956ರಲ್ಲಿ ಊರು ಕೇರಳಕ್ಕೆ ಹೋಯಿತು. ಕನ್ನಡ ಶಾಲೆಯ ಗೋಡೆಯ ಮೇಲಾದರೂ ಕನ್ನಡ ಇರಲಿ. ಇವತ್ತು ಒಂದು ಪದ ಅಂತ ಒಳಗೆ ಬಿಟ್ಟರೆ ನಾಳೆ ಸಾಲುಗಟ್ಟಿ ಬರುತ್ತವೆ. ಮೈಸೂರಿನವರಿಗೆ ಇದರ ಉರಿ ತಾಗುವುದಿಲ್ಲ.

ಮೈಸೂರಿನಿಂದ:

ಪಡಿಕಾವ ಅಂತ ಕುಂಬಳೆಯಲ್ಲಿ ಯಾರು ಮಾತಾಡುತ್ತಾರೆ? ಕಟ್ಟಿದ ಪದ. ಆಡುವ ಬಾಯಿ ಇಲ್ಲದ ಪದ ಸತ್ತ ಪದ.

ಬದಿಯಡ್ಕದಿಂದ:

ಇಬ್ಬರಿಗೂ ಉಪಕಾರ. ಕುಂಬಳೆಯ ಮಾಷ್ಟ್ರೇ, ನಿಮ್ಮ ನೋವು ನನ್ನದೂ ಹೌದು. ಆದರೆ ನಾವು ದಿನಾ ಹೇಳುವ ಚಾವಿ, ಜನೇಲು ಎರಡೂ ಪೋರ್ಚುಗೀಸರಿಂದ ಬಂದವು. ಅವನ್ನು ಒಳಗೆ ಬಿಟ್ಟು ಪಕ್ಕದ ಮನೆಯ ಮಾತನ್ನು ಹೊರಗೆ ನಿಲ್ಲಿಸುವುದು ನನಗೆ ಒಪ್ಪಿಗೆ ಆಗುವುದಿಲ್ಲ. ಮಲಯಾಳದವರು ಡೆಸ್ಕ್‌ಟಾಪಿಗೆ ಪಣಿಯಿಡಂ ಅಂದರು, ಕೆಲಸದ ಜಾಗ ಅಂತ. ಗ್ನೋಮ್ ಅನ್ನುವ ಲಿನಕ್ಸ್ ಡೆಸ್ಕ್‌ಟಾಪಿನ ನಮ್ಮ ಕನ್ನಡ ಅನುವಾದದಲ್ಲಿ ಗಣಕತೆರೆ ಅಂತ ಇದೆ. ಯಾವುದು ಮಗುವಿಗೆ ಬೇಗ ತಿಳಿಯುತ್ತದೆ ಹೇಳಿ. ಅವರು ಇಂಗ್ಲಿಷ್ ಪದವನ್ನು ಬಿಟ್ಟು ಕೆಲಸವನ್ನು ನೋಡಿದರು.

ನಾವೂ ಹಾಗೆ ನೋಡೋಣ. ಲಿನಕ್ಸಿನಲ್ಲಿ ಪರದೆಯ ಮೇಲೆ ಕಿಟಕಿ, ಚಿತ್ರ ತೋರಿಸುವ ಎಕ್ಸ್ ಅನ್ನುವ ವ್ಯವಸ್ಥೆಯಲ್ಲಿ ಡಿಸ್ಪ್ಲೇ ಅಂದರೆ ಬರೀ ಪರದೆ ಅಲ್ಲ. ಪರದೆ, ಕೀಬೋರ್ಡು, ಮೌಸು ಮೂರೂ ಸೇರಿ ಒಬ್ಬರು ಕೂತು ಕೆಲಸ ಮಾಡುವ ಜಾಗ. ಎಕ್ಸ್‌ನದೇ ಡಿಸ್ಪ್ಲೇ ಮ್ಯಾನೇಜರ್ ಎಕ್ಸ್‌ಡಿಎಂ ಬಂದದ್ದು 1988ರಲ್ಲಿ, ಒಂದೇ ಮಷೀನನ್ನು ಹಲವರು ಹಂಚಿಕೊಳ್ಳುತ್ತಿದ್ದ ಕಾಲ. ಅಂಥ ಒಂದೊಂದು ಜಾಗಕ್ಕೂ ಯಾರು ಬಂದರು, ಯಾರು ಹೋದರು ಅಂತ ನೋಡಿಕೊಳ್ಳುವುದಕ್ಕೆ ಆ ಹೆಸರು. ಹಾಗಾಗಿ ಪ್ರದರ್ಶನ ಅನ್ನುವುದು ಬುಡದಲ್ಲೇ ತಪ್ಪು. ಲೈಟ್‌ಡಿಎಂ ಮಾಡುವುದೂ ಅಷ್ಟೇ: ಹೆಸರು ಕೇಳುತ್ತದೆ, ಗುಪ್ತಪದವನ್ನು ಪ್ಯಾಮ್‌ಗೆ (ಗುಪ್ತಪದ ಪರೀಕ್ಷಿಸುವ ಭಾಗಕ್ಕೆ) ಕೊಟ್ಟು ಸರಿಯಾ ಅಂತ ಕೇಳುತ್ತದೆ, ಸರಿ ಇದ್ದರೆ ಆ ಮಗುವಿನ ಡೆಸ್ಕ್‌ಟಾಪ್ ತೆರೆಯುತ್ತದೆ, ಮಗು ಹೊರಗೆ ಬಂದ ಮೇಲೆ ಮತ್ತೆ ಅಲ್ಲೇ ಬಂದು ನಿಲ್ಲುತ್ತದೆ. ಮಕ್ಕಳ ಕಣ್ಣಿಗೆ ಬೀಳುವ ಭಾಗಕ್ಕೆ ಗ್ರೀಟರ್ ಅನ್ನುತ್ತಾರೆ, ಅದು ಬೇರೆಯೇ ಪ್ರೋಗ್ರಾಂ. ಎರಡು ವಸ್ತು ಇವೆ, ಎರಡು ಪದ ಬೇಕು.

ಮೈಸೂರಿನ ಸರ್, ಲಾಗಿನ್ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಲಾಗಿನ್, ಲಾಗೌಟ್ ಎರಡೂ ಶುರುವಾಗುವುದು ಒಂದೇ ಥರ, ತಡವರಿಸಿ ಓದುವ ಮಗು ಮೊದಲ ಅಕ್ಷರ ನೋಡಿಯೇ ಒತ್ತಿಬಿಡುತ್ತದೆ. ಒಳಗೆ, ಹೊರಗೆ ಅಂತ ಬರೆದರೆ ತಪ್ಪುವುದಿಲ್ಲ.

ನಿನ್ನೆ ಐದನೇ ಕ್ಲಾಸಿನಲ್ಲಿ ಪಡಿಪ್ಪುರೆ ಅಂದರೇನು ಅಂತ ಕೇಳಿದೆ. ಮೂವರು ಮಾತ್ರ ಕೈ ಎತ್ತಿದರು, ಉಳಿದವರ ಮನೆಗೆ ಬರೀ ಕಬ್ಬಿಣದ ಗೇಟು. ಬಾಗಿಲು ಅಂದಾಗ ಎಲ್ಲರೂ ಎತ್ತಿದರು. ಹಾಗಾಗಿ ಗ್ರೀಟರ್‌ಗೆ "ಬಾಗಿಲು" ಅಂತಲೇ ಹಾಕುತ್ತೇನೆ. ಬಾಯ್ ಮತ್ತು ಇಲ್, ಮನೆಯ ಬಾಯಿ ಅಂತ ಬಿಡಿಸುತ್ತಾರಲ್ಲ, ಕುಂಬಳೆಯವರಿಗೂ ತಕರಾರು ಇರಲಿಕ್ಕಿಲ್ಲ. ಡಿಸ್ಪ್ಲೇ ಮ್ಯಾನೇಜರ್‌ಗೆ "ಬಾಗಿಲ ಕಾವಲು". ಚಾರ್ಟಿನಲ್ಲಿ ಹೀಗೆ ಬರುತ್ತದೆ: "ಬಾಗಿಲಲ್ಲಿ ನಿಮ್ಮ ಹೆಸರು ಆರಿಸಿ, ಗುಪ್ತಪದ ಬರೆದು ಒಳಗೆ ಬನ್ನಿ. ಏಳುವ ಮೊದಲು ಹೊರಗೆ ಒತ್ತಿ."

ಇನ್ನೊಂದು ಉಳಿದಿದೆ. ಬಾಗಿಲ ಮೇಲಿನ ಮೂಲೆಯಲ್ಲಿ ಗ್ನೋಮ್ ಡೆಸ್ಕ್‌ಟಾಪ್ ಬೇಕಾ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಬೇಕಾ ಅಂತ ಆರಿಸುವ ಜಾಗ ಇದೆಯಲ್ಲ, ಆ ಸೆಷನ್‌ಗೆ (ಒಳಗೆ ಬಂದು ಹೊರಗೆ ಹೋಗುವವರೆಗಿನ ಕೆಲಸಕ್ಕೆ) ಏನೆನ್ನೋಣ? "ಅಧಿವೇಶನ" ಅಂತ ಮಾತ್ರ ಹೇಳಬೇಡಿ.